ಹೊಲಿಗೆಯೊಳಗಿನ ನಾಲ್ಕು ಸಾಲು

ಜೂನ್ 3

ಬಾಬಿನ್,

ಅಂದರೆ ನಾನು ಹೇಳಹೊರಟಿದ್ದು, ಕೋಟಿನ ಪಕ್ಕದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಬಿಟ್ಟಿರುವುದು ದರ್ಜಿಯಾದವನ ಧರ್ಮ ಎಂದು. ವಾಕ್ಯ ಮುಗಿಯುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಮೂರು ಸಲ ಮಾಡಿದೆ, ಎತ್ತಲಿಲ್ಲ. ಎದುರಂಗಡಿಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, "ಒಂದ್ಸಲ ಎತ್ತಲಿಲ್ಲ ಅಂದ್ರೆ ಕೆಲ್ಸ. ಎರಡ್ಸಲ ಅಂದ್ರೆ ಕೋಪ. ಮೂರ್ಸಲ ಅಂದ್ರೆ ತಪ್ಪು ನಿಂದು ಕಣಯ್ಯ" ಎಂದ. ಅವನಿಗೇನು, ಅವನ ಮೇಜಿನ ಮೇಲೆ ಕೆಟ್ಟಿದ್ದೆಲ್ಲ ಒಂದು ಸ್ಕ್ರೂ ತಿರುಗಿಸಿದರೆ ನಡೆಯುತ್ತದೆ. ಅದಕ್ಕೇ ಕಾಗದ ತೆಗೆದುಕೊಂಡು ಕೂತೆ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಕಲಿತದ್ದರಲ್ಲಿ ನನಗೆ ಉಳಿದಿರುವುದು ಪತ್ರದ ತಲೆ ಮತ್ತು ಬಾಲ ಮಾತ್ರ. 'ವಿತ್ ರೆಫರೆನ್ಸ್ ಟು ಯುವರ್ ಟೆಲಿಫೋನ್ ಕಾಲ್ ಆಫ್ ಎಸ್ಟರ್‌ಡೇ' ಎಂದು ಶುರು ಮಾಡಬೇಕು. ಮಾಡಿದೆ ಅಂತ ಇಟ್ಟುಕೋ.

ನೀನು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ, ಒಮ್ಮೆ ಬರೆದು ನೋಡುತ್ತೇನೆ. ನಿಮ್ಮ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೇಲಿನ ಕಪಾಟಿನಿಂದ ಡಬ್ಬ ತೆಗೆಯಲು ಕೈ ಎತ್ತಿದೆ. ನಾನು ಹೊಲಿದುಕೊಟ್ಟ ಬಿಳಿ ಕೋಟು ಕಂಕುಳಿನಿಂದ ಸೊಂಟದವರೆಗೆ ಬಿಟ್ಟುಕೊಂಡಿತು. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ, ನೀನು 'ಕನ್ನಡಕ' ಎಂದು ಕರೆಯುತ್ತೀಯಲ್ಲ ಅವಳು, ಪಿನ್ನು ಹಾಕಲು ಬಂದವಳು ಒಳಮಗ್ಗುಲು ನೋಡಿ, "ಇದನ್ನ ಎಷ್ಟು ಸಲ ಬಿಚ್ಚಿ ಹೊಲಿದಿದಾರೆ ಕಣೇ" ಎಂದಳು. ಹಳೆಯ ಸೂಜಿಯ ತೂತುಗಳು, ಸಾಲಾಗಿ. ಒಂದರ ಪಕ್ಕ ಒಂದು, ನಾಲ್ಕು ಸಾಲು. ಸರಿ ತಾನೇ?

ಇದಕ್ಕೆ ಇಷ್ಟೊಂದು ಕೋಪವೇ ಎಂದು ನನಗೆ ಆಶ್ಚರ್ಯ. ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ. ಕುಗ್ಗಿದ್ದನ್ನು ಬಿಡಿಸಿ ಕೊಡುವುದು ನನ್ನ ಕೆಲಸ. ಬೇರೆಯವರಿಗಾದರೆ ಕೂಲಿ ಕೇಳುತ್ತಿದ್ದೆ. ನಿನಗೆ ಪುಕ್ಕಟೆ ಮಾಡಿದ್ದೇ ತಪ್ಪಾಯಿತೋ ಏನೋ.

ಇಲ್ಲಿ ಎಲ್ಲ ಹಾಗೇ ಇದೆ. ನಿನ್ನ ದೊಡ್ಡಮ್ಮ ಮೊನ್ನೆ ಬಂದು ಹೋದಳು. ಹೊಲಿಗೆಯ ಯಂತ್ರದ ಕಾಲುಹಲಗೆ ಕಿರುಗುಟ್ಟುತ್ತಿದೆ. ನೀನು ಚಿಕ್ಕವಳಿದ್ದಾಗ ಅದರ ಕೆಳಗೆ ಕೂತು ದಾರ ಸುತ್ತಿದ ಪುಟ್ಟ ಬಾಬಿನ್ ತಿರುಗುವುದನ್ನೇ ನೋಡುತ್ತಿದ್ದೆ. ಕೊನೆಗೆ ಅದೇ ನಿನ್ನ ಹೆಸರಾಯಿತು. ಈಗ ಎಣ್ಣೆ ಬಿಡಲು ನಾನೇ ಬಗ್ಗಬೇಕು, ಬಗ್ಗಿದರೆ ಏಳುವುದು ಕಷ್ಟ.

ಹೊಸ ಕೋಟು ಹೊಲಿದು ಕಳಿಸಲೇ? ಅಳತೆ ನನ್ನ ಹತ್ತಿರ ಇದೆ.

ಯುವರ್ಸ್ ಒಬೀಡಿಯಂಟ್ಲಿ,
ಅಪ್ಪ


ಜೂನ್ 20

ಅಪ್ಪ,

ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ಮಾತು ತಿರುಗಿಸುತ್ತೀರಿ. ಬರೆದರೆ ಎಲ್ಲಿ ತಿರುಗಿಸಿದಿರಿ ಅಂತಾದರೂ ಕಾಣುತ್ತದೆ.

ಆ ಬಟ್ಟೆ ಕುಗ್ಗುವ ಬಟ್ಟೆಯಲ್ಲ. ಯಾವುದು ಕುಗ್ಗುತ್ತದೆ, ಯಾವುದು ಇಲ್ಲ ಎಂದು ಬೆರಳಿನಲ್ಲಿ ಉಜ್ಜಿ ನೋಡುವುದನ್ನು ನನಗೆ ಹತ್ತು ವರ್ಷವಿದ್ದಾಗ ನೀವೇ ಕಲಿಸಿದ್ದು. ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ "ಕೋಟು ಕೊಡು, ಇಸ್ತ್ರಿ ಮಾಡ್ತೀನಿ" ಅನ್ನುತ್ತಿದ್ದಿರಿ. ನಾಲ್ಕು ರಜೆ, ನಾಲ್ಕು ಸಾಲು. ದಪ್ಪ ಆದೆನಾ ಅಂತ ಕೇಳಿದಾಗಲೆಲ್ಲ ಎದೆಗೆ ಟೇಪು ಸುತ್ತಿ, "ಮೂವತ್ತೆಂಟು, ಹೋದ ವರ್ಷದಷ್ಟೇ" ಅನ್ನುತ್ತಿದ್ದಿರಿ. ಕನ್ನಡಕ ಮೊನ್ನೆ ಅಳೆದಳು. ನಲವತ್ತಾರು.

ನನಗೆ ಏನೂ ಗೊತ್ತೇ ಇರಲಿಲ್ಲ ಎಂದು ಹೇಳುವುದಿಲ್ಲ. ಕನ್ನಡಿ ಇದೆ, ಮೆಟ್ಟಿಲು ಇದೆ. ಆದರೆ ಬಟ್ಟೆ ಬಿಗಿಯಾಗದೇ ಇದ್ದರೆ ಮನಸ್ಸು ಏನು ಬೇಕಾದರೂ ನಂಬುತ್ತದೆ.

ನಮ್ಮಲ್ಲಿ ನಡೆಯುತ್ತಿರುವ ಅಧ್ಯಯನದ ವಿಷಯ ಹೇಳಿದ್ದೆ, ನೆನಪಿರಬಹುದು. ಇಪ್ಪತ್ತರಿಂದ ಮೂವತ್ತು ವಯಸ್ಸಿನವರು, ತೂಕ ಹೆಚ್ಚಿರುವವರು, ಮೇಲುನೋಟಕ್ಕೆ ಯಾವ ಕಾಯಿಲೆಯೂ ಇಲ್ಲದವರು. ಅವರ ರಕ್ತದಲ್ಲಿ ರಕ್ಷಣಾ ಕಣಗಳು ಹೇಗಿವೆ ಎಂದು ನೋಡುವುದು. ಒಬ್ಬರು ಕಡಿಮೆ ಬಿದ್ದರು, ನಾನು ಕೈ ಚಾಚಿದೆ. ಮಾದರಿಗಳಿಗೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ನನ್ನ ಸಂಖ್ಯೆ ನನಗೆ ಗೊತ್ತಿತ್ತು.

ಕೊಬ್ಬು ಅಂದರೆ ಮೂಟೆ ಕಟ್ಟಿ ಅಟ್ಟದ ಮೇಲೆ ಇಟ್ಟ ಸಾಮಾನಲ್ಲ ಅಪ್ಪ. ಅದಕ್ಕೂ ಜೀವ ಇದೆ, ಅದೂ ಸುದ್ದಿ ಕಳಿಸುತ್ತದೆ. ಅದರ ಕಣಗಳು ತುಂಬಿ ತುಂಬಿ ಹಿಗ್ಗಿದಾಗ ಏನೋ ಅಪಾಯವಾಗಿದೆ ಎಂಬಂತೆ ಕರೆ ಹೋಗುತ್ತದೆ. ರಕ್ಷಣಾ ಕಣಗಳು ಓಡಿ ಬರುತ್ತವೆ. ಬಂದು ನೋಡಿದರೆ ಹೊಡೆದಾಡಲು ಯಾವ ಶತ್ರುವೂ ಇಲ್ಲ. ಆದರೂ ವಾಪಸು ಹೋಗುವುದಿಲ್ಲ. ಅಲ್ಲೇ ಗುಂಪು ಕಟ್ಟಿ, ಇನ್ನಷ್ಟು ಜನರನ್ನು ಕರೆಯುತ್ತವೆ. ಮೈಯೆಲ್ಲ ಸಣ್ಣ ಉರಿಯೂತ, ವರ್ಷಗಟ್ಟಲೆ. ನಿಜವಾದ ಸೋಂಕು ಬಂದ ದಿನ ಅವು ದಣಿದಿರುತ್ತವೆ. ಇದು ಮುದುಕರ ಕಥೆ ಅಂದುಕೊಂಡಿದ್ದೆ. ಇಪ್ಪತ್ತಮೂರು ವರ್ಷದ ನನ್ನ ರಕ್ತದಲ್ಲಿ ಅದನ್ನು ನಾನೇ ಕೂತು ಎಣಿಸಿದೆ.

ಕೋಪ ತೂಕಕ್ಕಲ್ಲ. ನನ್ನ ಮೈಯ ಲೆಕ್ಕ ನನ್ನಿಂದ ಮುಚ್ಚಿಟ್ಟಿದ್ದಕ್ಕೆ.

ಒಂದೇ ಪ್ರಶ್ನೆ. ಅಮ್ಮನ ಬಟ್ಟೆಗೂ ಹೀಗೇ ಮಾಡುತ್ತಿದ್ದಿರಾ?

ಮಗಳು


ಜುಲೈ 11

ಬಾಬಿನ್,

'ಐ ಆಮ್ ಇನ್ ರಿಸೀಟ್ ಆಫ್ ಯುವರ್ ಲೆಟರ್ ಡೇಟೆಡ್ ಟ್ವೆಂಟಿಯತ್.' ಅದನ್ನು ಎಷ್ಟು ಸಲ ಓದಿದೆ ಎಂದರೆ ಮಡಿಕೆಯ ಜಾಗದಲ್ಲಿ ಕಾಗದ ಹರಿಯುವ ಹಾಗಾಗಿದೆ. ಅಲ್ಲಿಗೆ ಹಿಂದಿನಿಂದ ಒಂದು ಚೂರು ಅಸ್ತರು ಅಂಟಿಸಿದ್ದೇನೆ.

ಉರಿಯೂತ ಎಂಬುದು ನನಗೆ ಚೆನ್ನಾಗಿ ಹಿಡಿಯಲಿಲ್ಲ. ಇಂಗ್ಲಿಷಿನಲ್ಲಿ ಇನ್‌ಫ್ಲಮೇಷನ್ ಎನ್ನುತ್ತಾರೆ ಎಂದು ಮೂಲೆಯ ಔಷಧಿ ಅಂಗಡಿಯ ಹೆಂಗಸು ಹೇಳಿದಳು. ಫ್ಲೇಮ್ ಎಂದರೆ ಜ್ವಾಲೆ, ಅಷ್ಟು ನನಗೆ ಗೊತ್ತು, ಪಾಠದಲ್ಲಿತ್ತು. ಮೈಯೊಳಗೆ ಜ್ವಾಲೆ ಎಂದರೆ ಏನಮ್ಮ ಎಂದು ಕೇಳಿದೆ. ಅಂಗಡಿಯಲ್ಲಿ ಜನ ಇದ್ದರು, ಆದರೂ ಅವಳು ಬೇಸರ ಮಾಡಿಕೊಳ್ಳದೆ, "ಬೆರಳಿಗೆ ಸೂಜಿ ಚುಚ್ಚಿದ್ರೆ ಕೆಂಪಾಗಿ ಬಿಸಿ ಆಗುತ್ತಲ್ವಾ, ಅದೇ. ಆದ್ರೆ ಸೂಜಿ ಇಲ್ದೆ, ಮೈತುಂಬ, ಸಣ್ಣಗೆ" ಎಂದಳು. ನನ್ನ ಬೆರಳುಗಳನ್ನು ನೋಡಿಕೊಂಡೆ. ನಲವತ್ತು ವರ್ಷದಲ್ಲಿ ಚುಚ್ಚಿಸಿಕೊಳ್ಳದ ಜಾಗವೇ ಇಲ್ಲ. ಪ್ರತಿ ಸಲವೂ ಕೆಂಪಾಗಿ, ಎರಡು ದಿನಕ್ಕೆ ಇಳಿದುಹೋಗಿದೆ. ಇಳಿಯದೇ ಇದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿದೆ.

ಆಮೇಲೆ ನನಗೆ ತಿಳಿಯುವ ಭಾಷೆಗೆ ತಂದುಕೊಂಡೆ. ಬಿಗಿಯಾದ ಪ್ಯಾಂಟು ಇರುತ್ತದೆ. ನಿಂತಾಗ ನೋಡಿದರೆ ಚೆನ್ನಾಗೇ ಕಾಣುತ್ತದೆ. ಆದರೆ ಹಿಂಬದಿಯ ಹೊಲಿಗೆಯಲ್ಲಿ ಒಂದೊಂದು ಟಾಕೂ ಎಳೆದುಕೊಂಡೇ ಇರುತ್ತದೆ, ಹಗಲೆಲ್ಲ. ದಾರ ಹರಿಯುವುದಿಲ್ಲ, ತೂತುಗಳು ಮಾತ್ರ ಮೆಲ್ಲಗೆ ಅಗಲವಾಗುತ್ತವೆ. ಒಂದು ದಿನ ಬಸ್ಸು ಹತ್ತಲು ಕಾಲೆತ್ತಿದಾಗ ಹರಿಯುತ್ತದೆ. ಗಿರಾಕಿ ಬಂದು, ನಿನ್ನೆವರೆಗೂ ಸರಿ ಇತ್ತಲ್ಲ ಎಂದು ನನ್ನ ಮೇಲೆ ರೇಗುತ್ತಾನೆ. ಇದು ಸರಿಯಾದ ಹೋಲಿಕೆಯೇ? ತಪ್ಪಿದ್ದರೆ ತಿದ್ದು.

ನಮ್ಮ ಅಂಗಡಿಯ ಒಂದು ಪದ್ಧತಿ ನಿನಗೆ ಗೊತ್ತಿದೆ. ನನ್ನ ಅಪ್ಪ ಹಾಕಿಕೊಟ್ಟದ್ದು. ಸಾಧಾರಣ ಮೈಯವರಿಗೆ ಅಳತೆಯನ್ನು ಗಟ್ಟಿಯಾಗಿ ಹೇಳಿ ಬರೆಯುವುದು. ಮೈ ತುಂಬಿದವರಿಗೆ ಬಾಯಲ್ಲಿ ಒಂದು, ಪುಸ್ತಕದಲ್ಲಿ ಒಂದು. ಬೆಂಚಿನ ಮೇಲೆ ನಾಲ್ಕು ಜನ ಕೂತಿರುತ್ತಾರೆ, ಅವರ ಕಿವಿಗೆ ಆ ಸಂಖ್ಯೆ ಯಾಕೆ ಬೀಳಬೇಕು ಎಂದು ಅಪ್ಪ ಹೇಳುತ್ತಿದ್ದ. ಬಾಯಿ ಕಡಿಮೆ ಹೇಳಿದರೂ ಪುಸ್ತಕ ಕಡಿಮೆ ಬರೆಯುವುದಿಲ್ಲ, ಹಾಗಾಗಿ ಬಟ್ಟೆ ಸರಿಯಾಗೇ ಕೂರುತ್ತಿತ್ತು. ಗಿರಾಕಿ ನಗುತ್ತ ಹೋಗುತ್ತಿದ್ದ. ಇದರಲ್ಲಿ ಮೋಸ ಎಂಬುದು ಇದೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮರ್ಯಾದೆ ಎಂದೇ ತಿಳಿದಿದ್ದೆ.

ಗಡಿಯಾರದವನ ಮೊಮ್ಮಗುವಿಗೆ ಹಲ್ಲು ಬಂದಿದೆ. ಎರಡು ಹಲ್ಲು ಬಂದಿದ್ದಕ್ಕೆ ಬೀದಿಗೆಲ್ಲ ಹೇಳಿಕೊಂಡು ಬಂದ, ಮೂವತ್ತೆರಡೂ ಬಂದರೆ ಏನು ಮಾಡುತ್ತಾನೋ. ಬ್ಯಾಂಕಿನ ಕಾವಲುಗಾರರಿಗೆ ಹೊಸ ಸಮವಸ್ತ್ರ ಬಂದಿದೆ, ಹನ್ನೆರಡು ಜೊತೆ. ಎಲ್ಲ ಒಂದೇ ಬಣ್ಣ, ಕಣ್ಣು ಹೋಗುತ್ತದೆ.

ನೀನು ಒಂದು ಪ್ರಶ್ನೆ ಕೇಳಿದ್ದೀಯ. ಮರೆತಿಲ್ಲ. ಸಮವಸ್ತ್ರದ ಕೆಲಸ ಮುಗಿಯಲಿ, ಸಾವಕಾಶವಾಗಿ ಬರೆಯುತ್ತೇನೆ.

ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಷನ್,
ಅಪ್ಪ


ಆಗಸ್ಟ್ 2

ಅಪ್ಪ,

ನಾಲ್ಕು ಪುಟ ಬರೆದಿದ್ದೀರಿ. ನಾನು ಕೇಳಿದ್ದು ಒಂದು ಸಾಲು.

ಅಧ್ಯಯನದವರು ಆರು ತಿಂಗಳ ಊಟದ ಪಟ್ಟಿ, ನಡಿಗೆಯ ಪಟ್ಟಿ ಕೊಟ್ಟಿದ್ದಾರೆ. ಡಿಸೆಂಬರಿನಲ್ಲಿ ಎರಡನೇ ಸಲ ರಕ್ತ ತೆಗೆಯುತ್ತಾರೆ. ಸಕ್ಕರೆಯ ಅಂಶವೂ ಅಂಚಿಗೆ ಬಂದು ನಿಂತಿದೆ, ಈಗಲೇ ಶುರು ಮಾಡಿದರೆ ಒಳ್ಳೆಯದು ಎಂದು ನಮ್ಮ ಡಾಕ್ಟರು ಹೇಳಿದರು. ನಾನು ಈ ಅಧ್ಯಯನವನ್ನೇ ಬಿಡಬೇಕೆಂದಿದ್ದೇನೆ. ಇನ್ನೊಂದು ಸಂಖ್ಯೆ ನೋಡುವ ಶಕ್ತಿ ಇಲ್ಲ. ಯಾವ ಸಂಖ್ಯೆಯನ್ನು ನಂಬಬೇಕು ಎಂಬುದೂ ಗೊತ್ತಿಲ್ಲ.

ಈ ರಜೆಗೆ ನಾನು ಬರುವುದಿಲ್ಲ.

ಮಗಳು


ಸೆಪ್ಟೆಂಬರ್ 14

ಬಾಬಿನ್,

ಹೌದು. ಮಾಡುತ್ತಿದ್ದೆ.

ಈ ಒಂದು ಸಾಲಿಗೆ ಆರು ವಾರ ಹಿಡಿಯಿತು. ಸಮವಸ್ತ್ರ ಮುಗಿದು ತಿಂಗಳಾಯಿತು, ಅದು ನೆಪ. ಮೂರು ಸಲ ಬರೆದು ಹರಿದೆ. ಪ್ರತಿ ಸಲವೂ ಎರಡನೇ ಪುಟದಲ್ಲಿ ಗಡಿಯಾರದವನು ಬಂದುಬಿಡುತ್ತಿದ್ದ. ಈ ಸಲ ಅವನನ್ನು ಅವನ ಅಂಗಡಿಯಲ್ಲೇ ಕೂರಿಸಿ ಬರೆಯುತ್ತಿದ್ದೇನೆ.

ನೀನು ಹುಟ್ಟಿದ ಮೇಲೆ ನಿನ್ನ ಅಮ್ಮನ ಮೈ ಬೆಳೆಯಿತು. ಒಂದು ದಿನ ಕೆಂಪು ರವಿಕೆ ಹಾಕಿಕೊಳ್ಳಲು ಹೋಗಿ, ಕೈ ಏರದೆ, ಮಂಚದ ಅಂಚಿನಲ್ಲಿ ಅರ್ಧ ತೋಳು ಹಾಕಿಕೊಂಡೇ ಕೂತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ. ಮಾರನೆಯ ದಿನ ಅವಳು ಮಾರುಕಟ್ಟೆಗೆ ಹೋದಾಗ ಇರುವ ರವಿಕೆಗಳನ್ನೆಲ್ಲ ಒಂದೊಂದು ಇಂಚು ಬಿಡಿಸಿ ಹೊಲಿದು, ಮಡಿಚಿ, ಇದ್ದ ಹಾಗೇ ಇಟ್ಟೆ. ಆ ವಾರ ಹಾಕಿಕೊಂಡಾಗ, "ಸರಿಯಾಯ್ತಲ್ಲ" ಎಂದಳು. ಮುಖ ಬೆಳಗಿತು. ಆ ಮುಖಕ್ಕಾಗಿ ಮುಂದೆ ಹದಿಮೂರು ವರ್ಷ ಹಾಗೇ ಮಾಡಿದೆ. ಅವಳು ಹೊರಗೆ ಹೋದಾಗ ಮಾಡುವುದು, ಬಂದಾಗ ಇಸ್ತ್ರಿ ಹಿಡಿದು ನಿಲ್ಲುವುದು.

ನಮ್ಮ ಅಂಗಡಿಯಲ್ಲಿ ಗುಂಡಿಮನೆ ಕಟ್ಟುತ್ತಿದ್ದವಳು, ಅಂಚು ಮಡಿಸುತ್ತಿದ್ದವಳು ಯಾರು? ಅವಳೇ. ದಿನಕ್ಕೆ ಐವತ್ತು ಗುಂಡಿಮನೆ ಕಟ್ಟುವ ಹೆಂಗಸಿಗೆ ತನ್ನದೇ ರವಿಕೆಯ ಹೊಲಿಗೆ ಬಿಚ್ಚಿದ್ದು ಗೊತ್ತಾಗುವುದಿಲ್ಲ ಎಂದು ನಂಬಿದ ಗಂಡಸು ನಾನು.

ನಿನಗೆ ಹದಿನೈದು ತುಂಬಿದ ವರ್ಷ ಅವಳಿಗೆ ಜ್ವರ ಬಂತು. ಬೀದಿಯಲ್ಲಿ ಎಲ್ಲರಿಗೂ ಬಂದ ಜ್ವರ. ಗಡಿಯಾರದವನಿಗೂ ಬಂದಿತ್ತು, ಐದನೇ ದಿನ ಎದ್ದು ಕೂತ. ಇವಳಿಗೆ ಎದೆಗೆ ಇಳಿಯಿತು. ಆಸ್ಪತ್ರೆಯ ಒಂಬತ್ತನೇ ದಿನ, ನೀನು ಕೆಳಗೆ ನೀರು ತರಲು ಹೋಗಿದ್ದೆ. ಮೂಗಿನ ಕೊಳವೆ ಸರಿಸಿಕೊಂಡು ನನ್ನ ಹತ್ತಿರ ಹೇಳಿದಳು. ಆ ಮಾತನ್ನು ಅವಳದೇ ಮಾತಿನಲ್ಲಿ ಬರೆಯುತ್ತೇನೆ, ಒಂದಕ್ಷರವೂ ನನ್ನದಲ್ಲ. "ನೀವು ಕದ್ದು ಬಿಚ್ಚಿ ಹೊಲಿಯೋದು ನಂಗೆ ಮೊದಲಿಂದ ಗೊತ್ತು. ನೀವು ಇಸ್ತ್ರಿ ಹಿಡ್ಕೊಂಡು ನಿಂತ್ಕೊಳ್ಳೋ ಚಂದ ನೋಡಿ ನಗು ಬರ್ತಿತ್ತು, ಸುಮ್ಮನಿದ್ದೆ. ನಂಗೂ ಬೇಕಿತ್ತು ಅನ್ನಿ. ಮಗೂಗೆ ಹಾಗೆ ಮಾಡ್ಬೇಡಿ. ಅವಳಿಗೆ ಅಳತೆ ಹೇಳಿ. ಮೆಲ್ಲಗೆ ಹೇಳಿ, ಆದ್ರೆ ಹೇಳಿ."

ಹೂಂ ಎಂದೆ. ಅವಳ ಕೈ ಹಿಡಿದುಕೊಂಡೇ ಹೂಂ ಎಂದೆ.

ಅವಳು ಹೋಗಿ ಎರಡು ತಿಂಗಳ ಮೇಲೆ ನಿನ್ನ ದೊಡ್ಡಮ್ಮ ಮನೆಗೆ ಬಂದವಳು ನಿನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಇವಳೂ ಅಮ್ಮನ ದಾರೀನೇ ಹಿಡಿದಳು, ಮೈಯಲ್ಲೂ, ಆಯಸ್ಸಲ್ಲೂ" ಎಂದಳು. ಕೆಟ್ಟ ಮನಸ್ಸಿನವಳಲ್ಲ, ತಂಗಿ ಹೋದ ಸಂಕಟ, ಬಾಯಿಗೆ ಬಂದದ್ದು ಬಂತು. ನೀನು ಕೇಳಿಸಿಕೊಂಡೆ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಕೂತೆ. ಹದಿನೈದು ವರ್ಷದ ಹುಡುಗಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೇ ದಿನ ಮಧ್ಯಾಹ್ನ ಹೊರಗೆ ಬಂದು ಕೈ ಎತ್ತಿ ನಿಂತು, "ಅಪ್ಪ, ನಾನು ದಪ್ಪ ಆಗಿದೀನಾ? ಅಳೆದು ಹೇಳಿ" ಎಂದೆ.

ಟೇಪು ಸುತ್ತಿದೆ. ಮೂವತ್ತೈದು ತೋರಿಸಿತು. ಅಮ್ಮನ ಮಾತು ನೆನಪಿತ್ತು. ಇರಲಿಲ್ಲ ಎಂದು ಬರೆಯಬಹುದು, ನಿನಗೆ ಹೇಗೆ ಗೊತ್ತಾಗುತ್ತದೆ? ಆದರೆ ಇತ್ತು. "ಮೂವತ್ತೆರಡು" ಎಂದೆ. "ದೊಡ್ಡಮ್ಮನಿಗೆ ಕಣ್ಣು ಪರೀಕ್ಷೆ ಮಾಡಿಸ್ಬೇಕು" ಎಂದೂ ಸೇರಿಸಿದೆ. ನೀನು ನಕ್ಕೆ. ಹೋಗಿ ಊಟ ಮಾಡಿದೆ. ನೀನು ಊಟ ಮಾಡಿದೆಯಲ್ಲ, ಆವತ್ತು ನನಗೆ ಕಂಡದ್ದು ಅದೊಂದೇ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗೆ ಸುಳ್ಳು ಒಂದಿಂಚು ಬೆಳೆದಿರುತ್ತಿತ್ತು, ಹೇಳುವುದು ಇನ್ನೂ ಕಷ್ಟವಾಗಿರುತ್ತಿತ್ತು. ಹಾಗೇ ಎಂಟು ವರ್ಷವಾಯಿತು.

ನೀನು ಬರೆದದ್ದನ್ನು ಓದಿದ ಮೇಲೆ ಇಷ್ಟು ತಿಳಿದಿದ್ದೇನೆ. ನಾನು ಬಿಡಿಸಿದ್ದು ಬಟ್ಟೆಯ ಬಿಗಿಯನ್ನು ಮಾತ್ರ. ಒಳಗಿನ ಬಿಗಿ ಹಾಗೇ ಇತ್ತು. ಬಟ್ಟೆ ಬಿಗಿದು, ಇಲ್ಲಿ ನೋಡು ಎಂದು ಹೇಳಬೇಕಾಗಿತ್ತು. ಆ ಬಾಯನ್ನು ನಾನು ಹೊಲಿದುಬಿಟ್ಟೆ, ನಿನ್ನ ಅಮ್ಮನಿಗೂ, ನಿನಗೂ.

ಈ ಲಕೋಟೆಯಲ್ಲಿ ಎರಡು ಹಾಳೆ ಇವೆ. ಅಳತೆ ಪುಸ್ತಕದ ನಿಮ್ಮಿಬ್ಬರ ಪುಟ. ಅಪ್ಪನ ಕಾಲದಿಂದ ಆ ಪುಸ್ತಕದ ಹಾಳೆ ಯಾರೂ ಹರಿದಿರಲಿಲ್ಲ. ಬ್ಲೇಡಿನಲ್ಲಿ ಕುಯ್ದು ತೆಗೆದೆ. ಬಾಯಿ ಏನೇ ಹೇಳಿರಲಿ, ಅದರಲ್ಲಿರುವುದು ನಿಜ. ಯಾವ ಸಂಖ್ಯೆ ನಂಬಬೇಕು ಎಂದು ಕೇಳಿದೆಯಲ್ಲ, ಇವನ್ನು ನಂಬು.

ಪರೀಕ್ಷೆ ಬಿಡಬೇಡ ಎಂದು ಹೇಳುವ ಅಧಿಕಾರ ನನಗಿಲ್ಲ. ಕೇಳಿಕೊಳ್ಳುತ್ತೇನೆ ಅಷ್ಟೆ.

ಗುರುತಿಲ್ಲದವರಿಗೆ ಬರೆದರೆ ಫೇತ್‌ಫುಲಿ, ಗುರುತಿದ್ದವರಿಗೆ ಸಿನ್ಸಿಯರ್‌ಲಿ ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಎರಡಕ್ಕೂ ಇವತ್ತು ಕೈ ಬರುತ್ತಿಲ್ಲ.

ಅಪ್ಪ


ನವೆಂಬರ್ 8

ಅಪ್ಪ,

ಹಾಳೆಗಳು ಬಂದವು. ಬಂದ ದಿನ ಓದಲಿಲ್ಲ. ಅಮ್ಮನ ಪುಟವನ್ನು ಕನ್ನಡಕ ಓದಿ ಹೇಳಿದಳು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಈಗ ನಾನಿರುವ ಅಳತೆಗೆ ಅಮ್ಮ ಬಂದದ್ದು ಮೂವತ್ತೇಳನೇ ವರ್ಷಕ್ಕೆ. ನಾನು ಹದಿನಾಲ್ಕು ವರ್ಷ ಮೊದಲೇ ಬಂದಿದ್ದೇನೆ. ಅದನ್ನು ನೋಡಿದ ಮೇಲೆ ಪರೀಕ್ಷೆ ಬಿಡುವ ಮಾತು ಬಿಟ್ಟೆ.

ಅಮ್ಮ ಹೋದದ್ದು ಇದರಿಂದಲೇ ಎಂದು ಯಾರೂ ಹೇಳಲಾರರು. ನಮ್ಮ ಡಾಕ್ಟರನ್ನೇ ಕೇಳಿದೆ. ದಣಿದ ಕಾವಲು ಒಂದು ಕಾರಣ ಇರಬಹುದು, ಹತ್ತು ಬೇರೆ ಕಾರಣಗಳೂ ಇರಬಹುದು ಎಂದರು. ಆದ್ದರಿಂದ ಅಷ್ಟನ್ನೂ ನೀವು ತಲೆಯ ಮೇಲೆ ಹೊತ್ತುಕೊಳ್ಳಬೇಡಿ. ನಿಮ್ಮ ಪಾಲಿನದು ಹೊತ್ತುಕೊಂಡರೆ ಸಾಕು.

ಅಮ್ಮನ ಮಾತು ಬರೆದಿದ್ದೀರಲ್ಲ, ಆ ಪುಟವನ್ನು ಬೇರೆ ಇಟ್ಟಿದ್ದೇನೆ. ಎಂಟು ವರ್ಷ ತಡವಾಗಿ ಬಂತು. ಬಂತು.

ನಾನು ಆ ಮೂರನೇ ದಿನದ ಬಗ್ಗೆ ಬಹಳ ಯೋಚಿಸಿದೆ. ನೀವು ಮೂವತ್ತೈದು ಎಂದಿದ್ದರೆ ಮತ್ತೆ ಮೇಜಿನ ಕೆಳಗೆ ಹೋಗುತ್ತಿದ್ದೆ. ಎಷ್ಟು ದಿನ ಎಂದು ಗೊತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಆ ದಿನ ಮೂವತ್ತೆರಡೇ ಹೇಳುತ್ತಿದ್ದೆನೇನೋ. ಆದರೆ ಮಾರನೆಯ ದಿನ ಹೇಳಬೇಕಿತ್ತು ಅಪ್ಪ.

ಸಂಜೆ ನಾನೂ ಕನ್ನಡಕವೂ ನಡೆಯುತ್ತೇವೆ. ಅವಳು ಕಡ್ಡಿಯ ಹಾಗಿದ್ದಾಳೆ, ಅವಳಿಗೇ ಮೊದಲು ಉಸಿರು ಕಟ್ಟುತ್ತದೆ. ತೂಕ ಸ್ವಲ್ಪ ಇಳಿದಿದೆ. ಇಳಿದರೆ ರಕ್ತದ ಉರಿಯೂ ಇಳಿಯುತ್ತದೆ ಎಂದು ಹಿಂದಿನ ಅಧ್ಯಯನಗಳು ಹೇಳುತ್ತವೆ. ಆದರೆ ಕೆಲವು ಕಣಗಳು ಹಳೆಯದನ್ನು ಬೇಗ ಮರೆಯುವುದಿಲ್ಲವಂತೆ. ಮೈ ಇಳಿದ ಮೇಲೂ ಸ್ವಲ್ಪ ಕಾಲ ಕೋಪದಲ್ಲೇ ಇರುತ್ತವೆ. ಅವುಗಳ ಮೇಲೆ ನನಗೆ ತಪ್ಪು ಹೊರಿಸಲು ಆಗುತ್ತಿಲ್ಲ.

ಇಲ್ಲಿ ಆಸ್ಪತ್ರೆಯ ಕೋಟು ಕೊಟ್ಟಿದ್ದಾರೆ. ಕೊರಳಪಟ್ಟಿಯ ಮೇಲೆ ಅಳತೆಯನ್ನು ದೊಡ್ಡದಾಗಿ ಅಚ್ಚು ಹಾಕಿದ್ದಾರೆ, ದೂರದಿಂದ ಓದಬಹುದು. ಮೊದಲ ವಾರ ಕೂದಲು ಬಿಟ್ಟು ಮುಚ್ಚಿಕೊಳ್ಳುತ್ತಿದ್ದೆ. ಈಗ ಕಟ್ಟಿಕೊಳ್ಳುತ್ತೇನೆ. ಆದರೆ ತೋಳು ಸರಿ ಇಲ್ಲ. ನಿಮ್ಮ ತೋಳು ಕೂರುವ ಹಾಗೆ ಯಾರದೂ ಕೂರುವುದಿಲ್ಲ.

ಒಂದು ಕೋಟು ಹೊಲಿದು ಕಳಿಸಿ. ಅಳತೆ ನಾನೇ ತೆಗೆದಿದ್ದೇನೆ, ಟೇಪಿನ ಇನ್ನೊಂದು ತುದಿ ಕನ್ನಡಕ ಹಿಡಿದಿದ್ದಳು. ಚೀಟಿ ಇಟ್ಟಿದ್ದೇನೆ. ಒಳಗೆ ಹೆಚ್ಚಿಗೆ ಬಟ್ಟೆ ಬಿಡಬೇಡಿ. ಡಿಸೆಂಬರ್ ಹನ್ನೆರಡಕ್ಕೆ ರಕ್ತ ತೆಗೆಯುತ್ತಾರೆ, ಅದಕ್ಕೆ ಮೊದಲು ಸಿಕ್ಕರೆ ಅಂದು ಅದನ್ನೇ ಹಾಕಿಕೊಳ್ಳುತ್ತೇನೆ.

ನಿಮ್ಮ ಬಾಬಿನ್


ಡಿಸೆಂಬರ್ 6

ಬಾಬಿನ್,

ಕೋಟು ಮುಗಿಯುತ್ತ ಬಂತು. ತಡವಾಯಿತು, ಆದರೆ ನಾಳೆ ಬೆಳಿಗ್ಗೆ ಪಾರ್ಸೆಲ್ಲಿಗೆ ಕೊಟ್ಟರೆ ಹತ್ತರೊಳಗೆ ತಲುಪುತ್ತದೆ ಎಂದು ಅಂಚೆಯವನು ಹೇಳಿದ್ದಾನೆ. ತಡವಾದದ್ದು ಕೆಲಸದಿಂದಲ್ಲ. ನಿನ್ನ ಚೀಟಿ ಇಟ್ಟುಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯಲು ಮೂರು ವಾರ ಕೈ ಏಳಲಿಲ್ಲ. ಗೆರೆ ಹಾಕುತ್ತಿದ್ದ ಹಾಗೇ ಕೈ ತಾನಾಗಿ ಒಂದಿಂಚು ಆಚೆ ಜಾರುತ್ತಿತ್ತು. ನಲವತ್ತು ವರ್ಷದ ಕೈ, ಅದಕ್ಕೆ ಹೇಳಿದರೆ ತಿಳಿಯುವುದಿಲ್ಲ. ಒರೆಸಿ ಮತ್ತೆ ಎಳೆದೆ, ಮತ್ತೆ ಜಾರಿತು.

ಆಮೇಲೆ ಹೀಗೆ ಮಾಡಿದೆ. ಬೆಂಚಿನ ಮೇಲೆ ಯಾರೂ ಇರಲಿಲ್ಲ, ಬಾಗಿಲು ತೆರೆದೇ ಇತ್ತು. ಚೀಟಿಯನ್ನು ಕೈಯಲ್ಲಿ ಹಿಡಿದು, ಸಾಧಾರಣ ಗಿರಾಕಿಗೆ ಹೇಳುವ ಹಾಗೆ ಗಟ್ಟಿಯಾಗಿ ಓದಿದೆ. "ಎದೆ, ನಲವತ್ತನಾಲ್ಕೂವರೆ. ಸೊಂಟ, ನಲವತ್ತು. ಭುಜ, ಹದಿನಾರೂಕಾಲು." ಈ ಅಂಗಡಿಯ ಗೋಡೆಗಳು ಎದೆಗೆ ಅಷ್ಟು ದೊಡ್ಡ ಸಂಖ್ಯೆಯನ್ನು ಈ ಹಿಂದೆ ಕೇಳಿರಲಿಲ್ಲ. ಗಡಿಯಾರದವನು ಆ ಕಡೆಯಿಂದ, "ಯಾರಿಗಯ್ಯ ಹೇಳ್ತಿದೀಯ, ಅಂಗಡೀಲಿ ನರಪಿಳ್ಳೆ ಇಲ್ಲ" ಎಂದ. "ನನ್ನ ಮಗಳ ಅಳತೆ" ಎಂದೆ. ಅವನು ಭೂತಗನ್ನಡಿ ತೆಗೆದು ನನ್ನನ್ನು ನೋಡಿದ. ಏನಾದರೂ ಒಂದು ಕುಹಕ ಬರುತ್ತದೆ ಎಂದು ಕಾದೆ. "ಇನ್ನೊಂದ್ಸಲ ಹೇಳು, ಹದಿನಾರೂಕಾಲೋ, ಅರೆಯೋ? ಸರಿಯಾಗಿ ಕೇಳಿಸ್ಲಿಲ್ಲ" ಎಂದ. ಇನ್ನೊಂದು ಸಲ ಹೇಳಿದೆ. ಆಮೇಲೆ ಕೈ ಜಾರಲಿಲ್ಲ.

ನಲವತ್ತಾರಿತ್ತು, ನಲವತ್ತನಾಲ್ಕೂವರೆ ಬರೆದಿದ್ದೀಯ. ಅದರ ಬಗ್ಗೆ ಸಂತೋಷ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಇಳಿದರೆ ಸಂತೋಷ ಎಂದರೆ, ಏರಿದ ದಿನ ನೀನು ಮತ್ತೆ ನನ್ನ ಹತ್ತಿರ ಮುಚ್ಚಿಡುತ್ತೀಯ. ಆಗ ನಾನು ಮಾಡಿದ್ದನ್ನೇ ನೀನೂ ಮಾಡಿದ ಹಾಗಾಗುತ್ತದೆ. ಹೇಳಿದೆಯಲ್ಲ, ಅದಕ್ಕೆ ಸಂತೋಷ.

ಒಳಗೆ ಬಟ್ಟೆ ಬಿಡಬೇಡಿ ಎಂದಿದ್ದೀಯ. ಅರ್ಧ ಇಂಚು ಬಿಟ್ಟಿದ್ದೇನೆ, ಕೋಪ ಮಾಡಿಕೊಳ್ಳಬೇಡ. ಅಷ್ಟೂ ಇಲ್ಲದಿದ್ದರೆ ಹೊಲಿಗೆ ನಿಲ್ಲುವುದಿಲ್ಲ, ಮೊದಲ ಒಗೆತಕ್ಕೇ ಎಳೆ ಬಿಡುತ್ತದೆ. ಆ ಅರ್ಧ ಇಂಚಿನ ಮೇಲೆ ಪೆನ್ಸಿಲಿನಲ್ಲಿ ಅರ್ಧ ಇಂಚು ಎಂದೇ ಬರೆದಿದ್ದೇನೆ. ಒಳಮಗ್ಗುಲು ತಿರುಗಿಸಿದರೆ ಕಾಣುತ್ತದೆ. ಮುಂದೆ ಹಿಡಿಸಬೇಕಾಗಲಿ, ಬಿಡಿಸಬೇಕಾಗಲಿ, ಹೊಸದಾಗಿ ಅಳೆದು, ನೀನು ನಿಂತು ನೋಡುತ್ತಿರುವಾಗಲೇ ಮಾಡುತ್ತೇನೆ.

ನಾನೂ ಅಳೆಸಿಕೊಂಡೆ. ಔಷಧಿ ಅಂಗಡಿಯಮ್ಮ ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದಳು. ನೂರಾ ನಲವತ್ತೆಂಟು, ಖಾಲಿ ಹೊಟ್ಟೆಯಲ್ಲಿ. ಡಾಕ್ಟರ ಹತ್ತಿರ ಹೋಗಿ ಎಂದಳು. ಹೋಗುತ್ತೇನೆ. ನಿನಗೆ ಹೇಳಬಾರದು ಎಂದು ಒಂದು ದಿನವೆಲ್ಲ ಅಂದುಕೊಂಡಿದ್ದೆ. ಹೇಳಿಬಿಟ್ಟೆ. ಬೆಳಿಗ್ಗೆ ಗಡಿಯಾರದವನನ್ನು ಎಳೆದುಕೊಂಡು ನೀರಿನ ಟ್ಯಾಂಕಿನವರೆಗೆ ನಡೆಯುತ್ತೇನೆ. ಅವನು ದಾರಿಯುದ್ದಕ್ಕೂ ಹೊತ್ತು ನೋಡುತ್ತಾನೆ, ಕೈಗೆ ಎರಡು ಗಡಿಯಾರ ಕಟ್ಟಿಕೊಂಡು.

ಹನ್ನೆರಡರ ಫಲಿತಾಂಶ ಬಂದಾಗ ಹೇಳು. ಕಣಗಳ ಕೋಪ ಇಳಿದಿರಲಿ, ಹಾಗೇ ಇರಲಿ, ಏರಿರಲಿ. ಅಳತೆ ಪುಸ್ತಕದಲ್ಲಿ ನಿನಗೆ ಹೊಸ ಪುಟ ತೆಗೆದಿದ್ದೇನೆ, ಹಳೆಯದು ಕುಯ್ದ ಜಾಗದಲ್ಲೇ. ಮೊದಲ ಸಾಲಿನಲ್ಲಿ ನಿನ್ನ ಚೀಟಿಯ ಅಳತೆ ಇದೆ. ನೀನು ಹೇಳಿದ್ದೇ ಬರೆಯುತ್ತೇನೆ, ಬರೆದದ್ದೇ ಓದುತ್ತೇನೆ.

ಇನ್ನು ಒಂದು ಗುಂಡಿ ಉಳಿದಿದೆ, ಎಲ್ಲಕ್ಕಿಂತ ಮೇಲಿನದು. ನಿನ್ನ ಅಮ್ಮ ಕಟ್ಟುತ್ತಿದ್ದ ಹಾಗೆ ದಾರವನ್ನು ಕೆಳಗೆ ಮೂರು ಸುತ್ತು ಸುತ್ತಿ ಕಟ್ಟುತ್ತೇನೆ, ಬೇಗ ಬಿಡುವುದಿಲ್ಲ. ಆದರೆ ಬಿಳಿ ಬಟ್ಟೆಗೆ ಬಿಳಿ ದಾರ, ದೀಪದಲ್ಲಿ ಸೂಜಿಯ ಕಣ್ಣೇ ಕಾಣುವುದಿಲ್ಲ, ಇದಕ್ಕೆ ಹಗಲೇ ಬೇಕು. ಈಗ ಬೆಳಕು ಮೇಜಿನ ಅಂಚಿನವರೆಗೆ ಮಾತ್ರ ಇದೆ, ಬರೆಯುತ್ತಿದ್ದ ಹಾಗೇ ಸರಿಯುತ್ತಿದೆ. ಪತ್ರ ನಿಲ್ಲಿಸಿ ಗುಂಡಿ ಹಾಕುತ್ತೇನೆ.

ಸಿನ್ಸಿಯರ್‌ಲಿ,
ಅಪ್ಪ